ಗರಗಸದಕ್ಕನ ಆರು ತಿಂಗಳ ಕರಾರು

ನಾನು ಮರದ ವ್ಯಾಪಾರಿ. ಎದುರಿಗೆ ಬಂದವನ ಮುಖಕ್ಕಿಂತ ಮೊದಲು ಅವನ ಕೈ ನೋಡುವುದು ನನ್ನ ಚಾಳಿ. ನಮ್ಮ ಬೀದಿಯ ಮರಗೆಲಸದವರಲ್ಲಿ ಒಂದೆರಡು ಬೆರಳು ಕಮ್ಮಿ ಇದ್ದವನು ಅನುಭವಸ್ಥ, ಹತ್ತೂ ಇದ್ದವನು ಎಳಸು ಎಂಬ ಮಾತಿತ್ತು. ನಾನೂ ಅದನ್ನೇ ನಂಬಿ ಇಪ್ಪತ್ತೆರಡು ವರ್ಷ ವ್ಯಾಪಾರ ಮಾಡಿದೆ. ಆ ನಂಬಿಕೆಯನ್ನು ಬುಡಸಮೇತ ಕಿತ್ತವಳು ನನ್ನ ಗೋದಾಮಿನ ಎದುರು ಶೆಡ್ಡಿನ ಗರಗಸದಕ್ಕ. ವಯಸ್ಸಿನಲ್ಲಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಆದರೂ ಅಕ್ಕ.

ಮೊದಲು ಆ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದವನು ಅವಳ ಗಂಡ, ಮೇಸ್ತ್ರಿ. ಒಳಗೆ ಒಂದೇ ಒಂದು ಆಸ್ತಿ: ಕಬ್ಬಿಣದ ಮೇಜು, ಮೇಜಿನ ನಡುವೆ ಸೀಳು, ಸೀಳಿನಿಂದ ತಲೆ ಎತ್ತಿ ನಿಂತ, ಊಟದ ತಟ್ಟೆಯಷ್ಟು ಅಗಲದ ಹಲ್ಲಿನ ಬ್ಲೇಡು. ಕರೆಂಟಿನ ಗರಗಸ. ಬೀದಿಯಲ್ಲಿ ಅಂಥ ಗಟ್ಟಿ ಮಷೀನು ಇನ್ನೊಂದಿರಲಿಲ್ಲ. ನನಗೆ ಅದರ ಮೇಲೆ ಬಹಳ ದಿನದಿಂದ ಕಣ್ಣಿತ್ತು ಎಂದು ಒಪ್ಪಿಕೊಳ್ಳಲು ಈಗ ನಾಚಿಕೆಯೇನಿಲ್ಲ.

ಒಂದು ಮಧ್ಯಾಹ್ನ ಮೇಸ್ತ್ರಿ ದಪ್ಪ ಹಲಗೆ ಕೊಯ್ಯುತ್ತಿದ್ದಾಗ ಕರೆಂಟು ಹೋಯಿತು. ಬ್ಲೇಡು ಮರದೊಳಗೇ ನಿಂತಿತು. ಪಕ್ಕದಲ್ಲಿ ಒಂದು ಚೂರು ಸಿಕ್ಕಿಕೊಂಡಿತ್ತು. ತೆಗೆಯಲು ಕೈ ಹಾಕಿದ. ಕರೆಂಟು ವಾಪಸ್ ಬಂತು. ಬಲಗೈಯ ಮೂರು ಬೆರಳು ಹೋದವು.

"ನಾನು ಸ್ವಿಚ್ ಆಫ್ ಮಾಡಿದ್ದೆ" ಎಂದು ಆಸ್ಪತ್ರೆಯಲ್ಲಿ ಹೇಳಿದ. ಮನೆಯಲ್ಲಿ ಹೇಳಿದ. ನೋಡಲು ಬಂದವರಿಗೆಲ್ಲ ಹೇಳಿದ.

"ಆಫ್ ಮಾಡಿದ್ರೆ ತಿರುಗಿದ್ದು ಹೇಗಪ್ಪಾ, ಗಾಳಿಗೋ?" ಎಂದು ಬೀದಿ ಕೇಳಿತು. ಬೀದಿ ಎಂದರೆ ಮುಖ್ಯವಾಗಿ ನಾನು. ಆಮೇಲೆ ಅವನು ಹೇಳುವುದನ್ನು ನಿಲ್ಲಿಸಿದ. ಶೆಡ್ಡಿನೊಳಗೆ ಕಾಲಿಡುವುದನ್ನೂ ನಿಲ್ಲಿಸಿದ.

ಇಪ್ಪತ್ತು ದಿನ ಬಿಟ್ಟು ನಾನು ಅವರ ಮನೆಗೆ ಹೋದೆ. ಕೈಯಲ್ಲಿ ಹಣ್ಣು, ಮನಸ್ಸಿನಲ್ಲಿ ಮಷೀನು.

"ನೋಡಮ್ಮ, ಸುಮ್ನೆ ಬಿಟ್ರೆ ತುಕ್ಕು ಹಿಡಿಯುತ್ತೆ. ನಾನು ತಗೊಂಡ್ರೆ ನಿಮಗೂ ಒಂದು ದಾರಿ ಆಗುತ್ತೆ."

"ನಿಮಗೆ?"

"ನನಗೇನಿದೆ, ಏನೋ ಒಂದು ಪರೋಪಕಾರ."

"ಪರೋಪಕಾರಕ್ಕೆ ಅಳತೆ ಟೇಪು ಯಾಕೆ ತಂದ್ರಿ ಸಾಹುಕಾರ್ರೇ?"

ಅಂಗಿ ಜೇಬಿನಿಂದ ಇಣುಕುತ್ತಿದ್ದ ಟೇಪನ್ನು ಒಳಕ್ಕೆ ತಳ್ಳಿದೆ. ಅವಳು ಹಣ್ಣನ್ನು ಒಳಗಿಟ್ಟು ಬಂದು, "ಮಷೀನು ನಾನು ಓಡಿಸ್ತೀನಿ" ಎಂದಳು.

ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಮೇಸ್ತ್ರಿ ಅಲ್ಲಿಂದಲೇ, "ತಲೆ ಕೆಟ್ಟಿದ್ಯೇನೇ ನಿನಗೆ? ಈ ಮನೇಲಿ ಉಳಿದಿರೋ ನೆಟ್ಟಗಿನ ಕೈ ನಿಂದೊಂದೇ" ಎಂದ.

"ಹದಿನಾಲ್ಕು ವರ್ಷ ನೋಡಿದ್ದೀನ್ರೀ. ನೀವು ಮಾಡಿದ್ದೂ ನೋಡಿದ್ದೀನಿ, ಮಾಡದೆ ಬಿಟ್ಟಿದ್ದೂ ನೋಡಿದ್ದೀನಿ." ಆಮೇಲೆ ನನ್ನ ಕಡೆ ತಿರುಗಿದಳು. "ಆರು ತಿಂಗಳು ಕೊಡಿ. ಅಷ್ಟರಲ್ಲಿ ಈ ಮಷೀನಿಂದ ನನ್ನ ಕೈಗಾಗಲಿ, ಶೆಡ್ಡಲ್ಲಿ ನಿಂತ ಇನ್ಯಾರ ಕೈಗಾಗಲಿ ಒಂದು ಗಾಯ ಆದ್ರೂ ಮಷೀನು ನಿಮ್ದು. ನೀವು ಹೇಳಿದ ಬೆಲೆಗೆ."

ಇಂಥ ಕರಾರಿಗೆ ಒಲ್ಲೆ ಎನ್ನುವವನು ವ್ಯಾಪಾರಿಯೇ ಅಲ್ಲ. ಆರು ತಿಂಗಳೇಕೆ, ಆರು ವಾರ ಸಾಕು ಎಂದು ಎಣಿಸಿ ಎದ್ದು ಬಂದೆ.

ಮೊದಲ ನಾಲ್ಕು ದಿನ ಆ ಶೆಡ್ಡಿನಲ್ಲಿ ಒಂದು ಕಡ್ಡಿಯೂ ಕೊಯ್ಯಲಿಲ್ಲ. ಹೊಟ್ಟು ಗುಡಿಸುವುದು, ಬೆಲ್ಟು ನೋಡುವುದು, ಗ್ರೀಸು ಹಚ್ಚುವುದು, ಇಷ್ಟೇ. ಅಟ್ಟದ ಮೇಲಿಂದ ಎರಡು ಸಾಮಾನು ಇಳಿಸಿದಳು. ಒಂದು ಬ್ಲೇಡಿನ ಮೇಲಿಡುವ ಮುಚ್ಚಳ. ಇನ್ನೊಂದು ಬ್ಲೇಡಿನ ಬೆನ್ನಿಗೆ ನಿಲ್ಲುವ ತೆಳ್ಳನೆಯ ಉಕ್ಕಿನ ಪಟ್ಟಿ. ಕೊಯ್ದ ಮರ ಹಿಂದೆ ಕೂಡಿಕೊಂಡು ಬ್ಲೇಡನ್ನು ಕಚ್ಚದಂತೆ ತಡೆಯುವುದು ಅದರ ಕೆಲಸ. ಮಷೀನು ತಂದ ವಾರದಲ್ಲೇ ಮೇಸ್ತ್ರಿ ಎರಡನ್ನೂ ಬಿಚ್ಚಿ ಅಟ್ಟಕ್ಕೆ ಎಸೆದಿದ್ದ. ನಮ್ಮ ಬೀದಿಯಲ್ಲಿ ಎಲ್ಲರೂ ಮಾಡುವುದೇ ಅದು.

"ಅವು ಅಡ್ಡ ಬರುತ್ವಮ್ಮ" ಎಂದು ಬುದ್ಧಿ ಹೇಳಿದೆ.

"ಅಡ್ಡ ಬರೋದೇ ಅವುಗಳ ಕೆಲಸ" ಎಂದಳು.

ಕೆಲಸ ಶುರುವಾದ ಮೇಲೆ ನಾನು ದಿನಾ ಬೆಳಿಗ್ಗೆ ಏನೋ ಒಂದು ನೆಪ ಹೂಡಿ ಹೋಗುತ್ತಿದ್ದೆ. ಅವಳ ಬೆರಳು ನೋಡುವುದಕ್ಕೆ. ಮನೆಯವಳು ಕೇಳಿದರೆ ಹಲಗೆ ಕೊಯ್ಸೋದಿದೆ ಎನ್ನುತ್ತಿದ್ದೆ. ಹೋದದ್ದು ರಣಹದ್ದಿನಂತೆ, ಬರಬರುತ್ತಾ ಕೂತದ್ದು ಮಾತ್ರ ಪಾಠಕ್ಕೆ ಬಂದವನಂತೆ. ಯಾವಾಗ ಹಾಗಾಯಿತೋ ನನಗೇ ತಿಳಿಯಲಿಲ್ಲ.

ಬಾಗಿಲಲ್ಲೇ ಬಳೆ, ಸರ, ಉಂಗುರ ಬಿಚ್ಚಿ ಒಂದು ಬಟ್ಟಲಿಗೆ ಹಾಕುವಳು. ಗಂಡನ ಹಳೆ ಅಂಗಿಯನ್ನು ತೋಳು ಬಿಗಿದು ತೊಟ್ಟು, ಕೂದಲನ್ನು ಗಂಟು ಹಾಕಿ, ಕನ್ನಡಕ ಏರಿಸುವಳು. ಆಮೇಲೆ ಬ್ಲೇಡಿನ ಸರದಿ. ಬಿಚ್ಚಿ ತೆಗೆದು, ಅಂಟಿದ ಮರದ ಮೇಣವನ್ನು ಸೀಮೆಎಣ್ಣೆಯಲ್ಲಿ ಒರೆಸಿ, ನಡುವಿನ ತೂತಿನಲ್ಲಿ ಒಂದು ಬೆರಳು ತೂರಿಸಿ ಗಾಳಿಯಲ್ಲಿ ತೂಗಿಬಿಟ್ಟು, ಉಳಿಯ ಮರದ ಹಿಡಿಯಿಂದ ಮೆಲ್ಲಗೆ ತಟ್ಟುವಳು. ಟಿಣ್ ಎಂದು ಉದ್ದಕ್ಕೆ ಎಳೆದರೆ ಸರಿ. ಒಮ್ಮೆ ಟಪ್ ಎಂದು ಒಡಕು ದನಿ ಬಂತು. ನಾನು ಕಣ್ಣು ಕಿರಿದು ಮಾಡಿ ಎಷ್ಟು ಹುಡುಕಿದರೂ ಏನೂ ಕಾಣಲಿಲ್ಲ. ಅವಳು ಸೀಮೆಎಣ್ಣೆ ಸವರಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದಳು. ಎರಡು ಹಲ್ಲಿನ ನಡುವೆ ಕೂದಲಿನಷ್ಟು ತೆಳುವಾದ ಬಿರುಕು ಎಣ್ಣೆ ಕಕ್ಕಿ ಗೆರೆಯಾಗಿ ಎದ್ದು ನಿಂತಿತು. ಇಪ್ಪತ್ತೆರಡು ವರ್ಷದ ವ್ಯಾಪಾರದಲ್ಲಿ ನಾನು ಮೂಗಿನ ಮೇಲೆ ಬೆರಳಿಟ್ಟದ್ದು ಅದೇ ಮೊದಲು. ಆ ಬ್ಲೇಡನ್ನು ಅವಳು ಗುಜರಿಗೂ ಕೊಡಲಿಲ್ಲ. ಯಾರಾದರೂ ಎತ್ತಿಕೊಂಡು ಹೋಗಿ ಹಾಕಿಕೊಂಡಾರು ಎಂದು ಸುತ್ತಿಗೆಯಲ್ಲಿ ಬಡಿದು ಎರಡು ತುಂಡು ಮಾಡಿದಳು.

ಹಲ್ಲು ಹರಿತ ಮಾಡುವುದಂತೂ ಒಂದು ಧ್ಯಾನ. ಮೊದಲ ಹಲ್ಲಿಗೆ ಸೀಮೆಸುಣ್ಣದ ಗುರುತು, ಆಮೇಲೆ ಒಂದೊಂದಕ್ಕೂ ಅರದಿಂದ ಮೂರೇ ಎಳೆತ. ನಾಲ್ಕಿಲ್ಲ, ಎರಡಿಲ್ಲ.

"ಇಷ್ಟು ಹರಿತ ಮಾಡಿದ್ರೆ ಕೈಗೆ ಅಪಾಯ ಅಲ್ವೇನಮ್ಮ?"

"ಮೊಂಡು ಬ್ಲೇಡೇ ಅಪಾಯ. ಮೊಂಡಾದ್ರೆ ಒತ್ತಬೇಕು. ಒತ್ತಿದ್ರೆ ಜಾರುತ್ತೆ. ಕೈ ಜಾರಿ ಬೀಳೋದು ಎಲ್ಲಿಗೆ, ಅದರ ಬಾಯಿಗೇ ತಾನೆ?"

ಮರದ ಕೊನೆಯ ಗೇಣನ್ನು ಅವಳು ಎಂದೂ ಕೈಯಿಂದ ತಳ್ಳುತ್ತಿರಲಿಲ್ಲ. ತುದಿಯಲ್ಲಿ ಕಚ್ಚು ಕೊರೆದ ಒಂದು ಕೋಲಿತ್ತು, ಅದರಿಂದ ತಳ್ಳುವಳು. ಕೋಲಿನ ಮೂಗು ಸವೆದು ಸವೆದು ಮೊಂಡಾಗಿತ್ತು. "ಇವನು ನನ್ನ ಹನ್ನೊಂದನೇ ಬೆರಳು, ಪಾಪ, ಏಟೆಲ್ಲ ಇವನಿಗೇ" ಎನ್ನುತ್ತಿದ್ದಳು.

ಒಮ್ಮೆ ನಾನು ದಪ್ಪನೆಯ ಕೈಗವಸು ತಂದುಕೊಟ್ಟೆ. ನಿಜವಾಗಿಯೂ ಒಳ್ಳೆಯ ಮನಸ್ಸಿನಿಂದ. ನನ್ನ ಬದುಕಿನಲ್ಲಿ ಅಂಥದ್ದು ಅಪರೂಪವಾದ್ದರಿಂದ ಯಾರೂ ನಂಬುವುದಿಲ್ಲ. ಅವಳು ತಿರುಗಿಸಿ ಮುರುಗಿಸಿ ನೋಡಿ ನಕ್ಕಳು.

"ಇದರ ಒಂದು ಎಳೆ ಹಲ್ಲಿಗೆ ಸಿಕ್ಕಿದ್ರೆ ಸಾಕು, ಬೆರಳಲ್ಲ, ಮೊಣಕೈವರೆಗೂ ಎಳ್ಕೊಳ್ಳುತ್ತೆ. ಕರಾರು ಗೆಲ್ಲೋಕೆ ಒಳ್ಳೇ ಉಪಾಯ ಹುಡುಕಿದ್ರಿ ಸಾಹುಕಾರ್ರೇ!"

ಹೊರಗೆ ಮೆಟ್ಟಿಲ ಮೇಲೆ ಬೀದಿ ನೋಡುತ್ತಾ ಕೂತಿದ್ದ ಮೇಸ್ತ್ರಿ ಆ ದಿನ ಸಣ್ಣಗೆ ನಕ್ಕದ್ದು ಕೇಳಿಸಿತು. ಆದರೆ ತಿರುಗಿ ನೋಡಲಿಲ್ಲ. ಅವನು ಎಂದೂ ಶೆಡ್ಡಿನ ಕಡೆ ತಿರುಗುತ್ತಿರಲಿಲ್ಲ.

ಕರೆಂಟು ಹೋದಾಗ ಅವಳು ಮಾಡುತ್ತಿದ್ದುದು ನನಗೆ ಅತಿ ಎನಿಸುತ್ತಿತ್ತು. ಮೊದಲು ಸ್ವಿಚ್ಚು ಆಫ್. ನಂತರ ಗೋಡೆಯವರೆಗೆ ನಡೆದು ಹೋಗಿ ಪ್ಲಗ್ಗನ್ನೇ ಕಿತ್ತು ತಂದು ಮೇಜಿನ ಮೇಲೆ, ತನ್ನ ಕಣ್ಣಿನ ಎದುರಿಗೆ ಇಡುವಳು. ಬ್ಲೇಡು ಮುಟ್ಟುವುದು ಅದಾದ ಮೇಲೆ. ದಿನಕ್ಕೆ ಹತ್ತು ಸಲ ಕರೆಂಟು ಹೋದರೆ ಹತ್ತು ಸಲವೂ.

"ಸ್ವಿಚ್ ಆಫ್ ಆಯ್ತಲ್ಲ, ಮತ್ತೆ ಈ ಪ್ರದಕ್ಷಿಣೆ ಯಾಕೆ?" ಎಂದೆ ಒಂದು ದಿನ.

ಅವಳು ದನಿ ತಗ್ಗಿಸಿದಳು. "ಇವರು ಆಫ್ ಮಾಡಿದ್ದೆ ಅಂತಾರೆ. ಬೀದಿ ಇಲ್ಲ ಅನ್ನುತ್ತೆ. ಯಾರ ಮಾತು ನಿಜ ಆದ್ರೂ ಪ್ಲಗ್ ಕಿತ್ತಿಟ್ರೆ ಕೈ ಉಳಿಯುತ್ತಲ್ಲ?"

"ನೀನು ಯಾರನ್ನ ನಂಬ್ತೀಯಮ್ಮ?"

"ಪ್ಲಗ್ ಕೀಳೋಕೆ ನಂಬಿಕೆ ಯಾಕೆ ಬೇಕು?"

ಕರಾರು ಮುಗಿಯಲು ಇಪ್ಪತ್ತು ದಿನ ಉಳಿದಿತ್ತು. ನನಗೆ ಅವಸರವಾಗಿ ಬಾಗಿಲ ಚೌಕಟ್ಟಿನ ಮರ ಬೇಕಿತ್ತು. ದಪ್ಪ ತುಂಡು, ಗಟ್ಟಿ ಜಾತಿ. ಕೊಯ್ಯುವ ಮುಂಚೆ ದಾರದಲ್ಲಿ ಕಟ್ಟಿದ ಅಯಸ್ಕಾಂತವನ್ನು ಉದ್ದಕ್ಕೂ ಆಡಿಸಿ, ಹಳೆಯ ಮೊಳೆ ಇಲ್ಲವೆಂದು ಖಾತ್ರಿ ಮಾಡಿಕೊಂಡಳು. ನಾನು ಕಾಲು ಸುಟ್ಟ ಬೆಕ್ಕಿನ ಹಾಗೆ ಅತ್ತಿಂದಿತ್ತ ಓಡಾಡುತ್ತಿದ್ದೆ. ಮಷೀನು ಗುಡುಗಿತು, ಅರ್ಧ ಮರ ಸೀಳಿತು, ದನಿ ಭಾರವಾಯಿತು. ಆಗ ಕರೆಂಟು ಹೋಯಿತು.

ಅವಳು ಸ್ವಿಚ್ಚು ಒತ್ತಿ, "ಯಾರೂ ಮುಟ್ಬೇಡಿ" ಎಂದು ಗೋಡೆಯ ಕಡೆ ಹೋದಳು.

ಯಾರೂ ಎಂದರೆ ನಾನಲ್ಲ ಎಂದುಕೊಳ್ಳುವುದು ವ್ಯಾಪಾರಿಯ ಹುಟ್ಟುಗುಣ. ಬ್ಲೇಡಿನ ಪಕ್ಕದ ಸೀಳಿನಲ್ಲಿ ಒಂದು ಚಕ್ಕೆ ಸಿಕ್ಕಿಕೊಂಡಿತ್ತು. ಅವಳು ಬರುವಷ್ಟರಲ್ಲಿ ತೆಗೆದಿಟ್ಟರೆ ಒಂದು ನಿಮಿಷ ಉಳಿಯಿತಲ್ಲ ಎಂದು ಮುಚ್ಚಳ ಎತ್ತಿ ಎರಡು ಬೆರಳು ಹಾಕಿದೆ.

ತಲೆಯ ಮೇಲೆ ಬಲ್ಬು ಹತ್ತಿತು. ಮೂಲೆಯ ಫ್ಯಾನು ತಿರುಗಲು ಶುರುವಾಯಿತು. ನನ್ನ ಬೆರಳಿನ ಪಕ್ಕ ಬ್ಲೇಡು ತಣ್ಣಗೆ ನಿಂತೇ ಇತ್ತು. ಗೋಡೆಯ ಹತ್ತಿರ ಅವಳು ಪ್ಲಗ್ಗು ಹಿಡಿದು ನಿಂತಿದ್ದಳು.

"ಕೈ ತೆಗೀರಿ" ಎಂದಳು. ಕೂಗಲಿಲ್ಲ. ಕೂಗಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

"ಸ್ವಿಚ್ ಆಫ್ ಆಗಿತ್ತಲ್ಲಮ್ಮ" ಎಂದು ತೊದಲಿದೆ.

ಅವಳು ಮೇಜಿನ ಹತ್ತಿರ ಬಂದಳು. ಮರವನ್ನು ಹಿಂದಕ್ಕೆಳೆದು ಕೆಳಗಿಳಿಸಿದಳು. ಚಕ್ಕೆಯನ್ನು ಕೋಲಿನಿಂದ ಎಬ್ಬಿಸಿ, ಬ್ಲೇಡನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿ, ಮುಚ್ಚಳ ಇಳಿಸಿದಳು. ಸ್ವಿಚ್ಚನ್ನು ಇನ್ನೊಮ್ಮೆ ನೋಡಿದಳು, ಆಫ್. ನನ್ನನ್ನು ಬಾಗಿಲವರೆಗೆ ಅಟ್ಟಿ, ಪ್ಲಗ್ಗು ಚುಚ್ಚಿದಳು.

ಯಾರೂ ಸ್ವಿಚ್ಚು ಮುಟ್ಟಲಿಲ್ಲ. ಆದರೂ ಬ್ಲೇಡು ಗುಂಯ್ ಎಂದು ಎದ್ದು ತಿರುಗಿತು.

ಒಂದು ಕ್ಷಣ ಅಷ್ಟೇ. ಅವಳು ಪ್ಲಗ್ಗು ಕಿತ್ತಳು. ಬ್ಲೇಡು ಮೆಲ್ಲಗೆ ನಿಂತಿತು. ನಾನು ನನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಯಾರದೋ ಕೂಸನ್ನು ಎತ್ತಿಕೊಂಡವನಂತೆ ನಿಂತಿದ್ದೆ. ಎರಡು ಬೆರಳು ಕೊಟ್ಟಿದ್ದರೆ ಕರಾರಿನ ಪ್ರಕಾರ ಮಷೀನು ನನ್ನದಾಗುತ್ತಿತ್ತು ಎಂಬುದು ಹೊಳೆದದ್ದು ಮಾರನೆಯ ದಿನ. ಆ ಹೊತ್ತಿಗೆ ನನಗೆ ತೋಚಿದ್ದು ಒಂದೇ: ಐದು ತಿಂಗಳು ಹತ್ತು ದಿನ, ನಾನು ಅತಿ ಎಂದು ನಕ್ಕ ಆ ನಡಿಗೆಯನ್ನು ಅವಳು ಒಂದು ಸಲವೂ ತಪ್ಪಿಸಿರಲಿಲ್ಲ. ಸಾವಿರ ಸಲ ಯಾತಕ್ಕೂ ಬೇಕಾಗಿರದ ಹೆಜ್ಜೆ. ಸಾವಿರದ ಒಂದನೆಯ ಸಲ ನನಗೆ ಬೇಕಾಯಿತು.

ಬ್ಲೇಡಿನ ಸದ್ದು ಹೊರಗೆ ಕೇಳಿರಬೇಕು. ತಿರುಗಿ ನೋಡಿದರೆ ಮೇಸ್ತ್ರಿ ಹೊಸ್ತಿಲಲ್ಲಿ ನಿಂತಿದ್ದ.

"ಸ್ವಿಚ್ಚು?" ಎಂದ.

"ಆಫ್ ಇದೆ. ಬಂದು ನೋಡಿ" ಎಂದಳು.

ಅವನು ಒಳಗೆ ಬಂದ. ಸ್ವಿಚ್ಚಿನ ಡಬ್ಬಿ ಬಿಚ್ಚಿದ. ಎರಡೇ ಬೆರಳಿನಲ್ಲಿ ಸ್ಕ್ರೂ ತಿರುಗಿಸಲು ಬಹಳ ಹೊತ್ತು ಹಿಡಿಯಿತು. ನಾನು ಮುಂದಾದಾಗ ಅವಳು ಕಣ್ಣಲ್ಲೇ ತಡೆದಳು. ಒಳಗೆ ಹೊಟ್ಟು ಮೆತ್ತಿಕೊಂಡಿತ್ತು. ಅದರ ಹಿಂದೆ ತಾಮ್ರದ ಎರಡು ನಾಲಿಗೆ ಕಾದು ಕರಗಿ ಒಂದಕ್ಕೊಂದು ಅಂಟಿ ಕೂತಿದ್ದವು. ಸ್ಕ್ರೂಡ್ರೈವರ್ ತಾಗಿಸಿದ ಕೂಡಲೇ ಟಕ್ ಎಂದು ಬಿಟ್ಟುಕೊಂಡವು.

"ದಪ್ಪ ಮರಕ್ಕೆ ಲೋಡು ಬಿದ್ದಾಗ ಅಂಟುತ್ತೆ, ತಣ್ಣಗಾಗಿ ತಟ್ಟಿದ್ರೆ ಬಿಡುತ್ತೆ" ಎಂದ ಮೇಸ್ತ್ರಿ ಮೆಲ್ಲಗೆ. "ಅವತ್ತೂ ದಪ್ಪ ಮರವೇ."

"ಈ ಡಬ್ಬಿ ಒಂದನ್ನ ನಾನು ಬಿಚ್ಚಿ ನೋಡಿರಲಿಲ್ಲ. ನನ್ನದೇ ತಪ್ಪು" ಎಂದಳು ಅವಳು.

ನಾನು ಏನೋ ಹೇಳಬೇಕಿತ್ತು. ಬೀದಿಯಲ್ಲಿ ಎಲ್ಲರಿಗಿಂತ ದೊಡ್ಡ ದನಿಯಲ್ಲಿ ನಕ್ಕವನು ನಾನೇ. "ಮೇಸ್ತ್ರೀ, ನೀನು ಹೇಳಿದ್ದು ನಿಜ ಕಣಪ್ಪ. ಬೀದಿಗೆ ನಾನೇ ಹೇಳ್ತೀನಿ" ಎಂದೆ.

"ಬೀದಿ ಇರಲಿ, ಮೊದಲು ಹೊಸ ಸ್ವಿಚ್ಚು ತನ್ನಿ" ಎಂದ. "ಕರೆಂಟು ಹೋಗಿ ಬಂದ್ರೆ ತಾನಾಗೇ ಶುರುವಾಗದ ಥರದ್ದು ಬರುತ್ತೆ, ಕೇಳಿ ನೋಡಿ."

ತಂದೆ. ಚೌಕಾಸಿ ಮಾಡದೆ ತಂದೆ. ಅಂಗಡಿಯವನು ನನಗೆ ಜ್ವರವೇನೋ ಎಂದು ವಿಚಾರಿಸಿದ. ಶೆಡ್ಡಿಗೆ ಬಂದು, "ಅಕ್ಕ, ಕರಾರು ಇಲ್ಲಿಗೆ ಮುಗೀತು, ಮಷೀನು ನಿಮ್ಮದೇ" ಎಂದೆ. ಬಾಯಿಂದ ಅಕ್ಕ ಎಂದು ಬಂದದ್ದು ಅದೇ ಮೊದಲು.

"ಇನ್ನೂ ಇಪ್ಪತ್ತು ದಿನ ಇದೆ, ಮಾತು ಮಾತೇ" ಎಂದಳು. ಆ ಇಪ್ಪತ್ತು ದಿನವೂ ಕಳೆದು ಈಗ ಹನ್ನೊಂದು ವರ್ಷ. ನನ್ನ ಮರ ಅಲ್ಲಿ ಬಿಟ್ಟು ಬೇರೆಲ್ಲೂ ಕೊಯ್ಯಿಸಿಲ್ಲ.

ಆ ಸಂಜೆ ಹೊಸ ಸ್ವಿಚ್ಚು ಕೂರಿಸಿ ಆದ ಮೇಲೆ ಅರ್ಧ ಸೀಳಿದ ಮರವನ್ನು ಮತ್ತೆ ಮೇಜಿಗೆ ಏರಿಸಿದರು. ಮೇಸ್ತ್ರಿ ವಾಚು ಬಿಚ್ಚಿ ಬಟ್ಟಲಿಗೆ ಹಾಕಿದ. ಮೇಜಿನ ಆ ಬದಿಗೆ ಹೋಗಿ, ಬ್ಲೇಡಿನಿಂದ ಮಾರು ದೂರದಲ್ಲಿ, ಬರುವ ಮರ ಹಿಡಿಯಲು ಕೈ ಚಾಚಿ ನಿಂತ. ಅವನು ಹೇಳುವವರೆಗೆ ಅವಳು ಸ್ವಿಚ್ಚು ಒತ್ತದೆ ಕಾದಳು.

"ಹೂಂ" ಎಂದ ಅವನು.

"ಸಾಹುಕಾರ್ರೇ, ಬ್ಲೇಡಿನ ನೇರಕ್ಕೆ ನಿಲ್ಬೇಡಿ. ಮರ ಹಿಂದಕ್ಕೆ ಎಗರಿದ್ರೆ ಹೊಟ್ಟೆಗೇ ಬರುತ್ತೆ" ಎಂದಳು.

ಪಕ್ಕಕ್ಕೆ ಸರಿದು ನಿಂತೆ. ಮಷೀನು ಗುಡುಗಿತು.