ಹುಳದ ಮನೆಯ ಥರ್ಮೋಸ್ಟಾಟು

ಹಿಂದೂಪುರದಲ್ಲಿ ಮನೆ ಬಿಸಿ ಮಾಡಲು ಯಂತ್ರ ಇಟ್ಟುಕೊಂಡಿದ್ದೆ ಎಂದರೆ ಕೇಳಿದವರು ಮೊದಲು ನನ್ನ ಹಣೆ ಮುಟ್ಟಿ ನೋಡುತ್ತಾರೆ. ಏಪ್ರಿಲ್ ಬಂತೆಂದರೆ ನಮ್ಮೂರಿನ ಗೋಡೆಗಳೇ ಒಲೆಗಳು, ಬೇರೆ ಬಿಸಿ ಯಾರಿಗೆ ಬೇಕು? ಆದರೆ ಆ ಯಂತ್ರ ನಮಗಾಗಿ ತಂದದ್ದಲ್ಲ, ರೇಷ್ಮೆ ಹುಳಗಳಿಗಾಗಿ. ಧನುರ್ಮಾಸದ ಬೆಳಗಿನಲ್ಲಿ ನಾನೂ ನನ್ನ ಹೆಂಡತಿ ಸುಶೀಲಳೂ ಕಂಬಳಿ ಹೊದ್ದು ನಡುಗುತ್ತಿದ್ದರೆ, ಹಿಂದಿನ ಕೋಣೆಯಲ್ಲಿ ಎಳ್ಳಿಗಿಂತ ತುಸು ದೊಡ್ಡದಾದ ಅತಿಥಿಗಳು ಇಪ್ಪತ್ತೇಳು ಡಿಗ್ರಿಯ ಸುಖದಲ್ಲಿ ಎಳೆಯ ಸೊಪ್ಪು ಮೇಯುತ್ತಿದ್ದವು.

ಹುಳ ಸಾಕುವುದು ಸುಶೀಲಳ ತವರಿನ ವಿದ್ಯೆ. ಮೇಷ್ಟ್ರ ಹೆಂಡತಿಯಾಗಿ ಇಪ್ಪತ್ತು ವರ್ಷ ಅದನ್ನು ಮರೆತಂತೆ ಇದ್ದವಳು, ಸೋಮಂದೇಪಲ್ಲಿ ರಸ್ತೆಯ ನಮ್ಮ ತುಂಡು ಹೊಲದಲ್ಲಿ ಹಿಪ್ಪುನೇರಳೆ ಚಿಗುರಿದ ಮೇಲೆ ಸುಮ್ಮನಿರಲಿಲ್ಲ. ಇದು ಅವಳದೇ ಸ್ವಂತ ಮೊದಲ ಬೆಳೆ. "ಈ ಸಲ ಕೈಗೆ ಬರ್ಲಿಲ್ಲ ಅಂದ್ರೆ ಆ ಕೋಣೆಗೆ ಬೀಗ ಹಾಕ್ಬುಡ್ತೀನಿ. ಮತ್ತೆ ಹುಳದ ಮಾತೆತ್ತಲ್ಲ" ಎಂದು ಮೊಟ್ಟೆ ತಂದ ದಿನವೇ ಹೇಳಿದ್ದಳು. ಅವಳು ಹೇಳಿ ಮರೆತಳು. ನಾನು ಕೇಳಿದವನು, ಮರೆಯಲಿಲ್ಲ.

ಚಿಂತೆಯಲ್ಲಿ ನನಗೆ ಒಳ್ಳೆಯ ಅನುಭವವಿದೆ. ಶಾಲೆಯಲ್ಲಿ ತೆಲುಗಿನಲ್ಲಿ ವಿಜ್ಞಾನ ಹೇಳುತ್ತೇನೆ, ಮನೆಗೆ ಬಂದು ಕನ್ನಡದಲ್ಲಿ ಗಾಬರಿಪಡುತ್ತೇನೆ. ಬಸ್ಸು ತಡವಾದರೆ ಅಪಘಾತ, ಬೇಗ ಬಂದರೆ ಡ್ರೈವರಿಗೆ ತಲೆ ಕೆಟ್ಟಿದೆ. ಇಂಥವನ ಮನೆಗೆ, ಶಾಖ ಸಾಕಾದಾಗ ತಾನೇ ಹೀಟರು ಆರಿಸಿ, ಸಾಲದಾದಾಗ ತಾನೇ ಹೊತ್ತಿಸುವ ಥರ್ಮೋಸ್ಟಾಟು ಬಂದದ್ದು ನೋಡಿ ನನಗೆ ಒಂದು ಬಗೆಯ ಗೌರವವೇ ಹುಟ್ಟಿತು. ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿರುವ ಜೀವಿ! ಮನುಷ್ಯರಲ್ಲಿ ಇಂಥವರು ಎಷ್ಟು ಜನ?

ಅದನ್ನು ಜೋಡಿಸಿಕೊಟ್ಟವನು ಸುಶೀಲಳ ತಮ್ಮ ನಾಗರಾಜು. ಕಲ್ಯಾಣದುರ್ಗದಲ್ಲಿ ಬೋರ್‌ವೆಲ್ ಮೋಟರುಗಳಿಗೆ ವೈಂಡಿಂಗ್ ಮಾಡುತ್ತಾನೆ. ಗೋಡೆಗೆ ಒಂದು ಡಬ್ಬಿ, ಡಬ್ಬಿಯಿಂದ ಇಲಿಯ ಬಾಲದಂಥ ತಾಮ್ರದ ನಳಿಗೆ, ಬಾಲದ ತುದಿಗೆ ಶಾಖ ಅರಿಯುವ ಒಂದು ಉರುಟು ಬುಡ್ಡಿ. ಆ ಬುಡ್ಡಿಯನ್ನು ಹುಳದ ತಟ್ಟೆಗಳ ಎತ್ತರಕ್ಕೆ ಮೊಳೆ ಹೊಡೆದು ತೂಗುಹಾಕಿ, "ಇನ್ನು ನೀನು ಮರ್ತುಬುಡು ಅಕ್ಕ" ಎಂದು ಹೇಳಿ ಹೋಗಿದ್ದ.

ಹುಳ ಮೊದಲನೆಯ ಜ್ವರ ಎದ್ದವು. ಜ್ವರವೆಂದರೆ ಹುಳ ಮೇವು ಬಿಟ್ಟು ಪೊರೆ ಕಳಚುವುದು, ಏಳುವುದೆಂದರೆ ಅದು ಮುಗಿದು ಮತ್ತೆ ಮೇಯುವುದು, ಹೆದರುವಂಥದ್ದಲ್ಲ ಎಂದು ನನಗೆ ಮೂರು ಸಲ ವಿವರಿಸಲಾಗಿತ್ತು. ಎದ್ದ ಮಾರನೆಯ ಬೆಳಿಗ್ಗೆ ಎದುರು ಗೋಡೆಯ ಥರ್ಮಾಮೀಟರು ಮೂವತ್ತಮೂರು ತೋರಿಸುತ್ತಿತ್ತು. ಹೀಟರು ಕೆಂಪಗೆ ಉರಿಯುತ್ತಲೇ ಇತ್ತು. ಸೊಪ್ಪು ಹಾಕಿದಷ್ಟು ಬೇಗ ಬಾಡುತ್ತಿತ್ತು. ಹುಳಗಳು ಮೇವು ಬಿಟ್ಟು ತಟ್ಟೆಯ ಅಂಚಿಗೆ ಹರಿಯತೊಡಗಿದ್ದವು. ಸುಶೀಲ ಹೋಗಿ ಕಿಟಕಿ ತೆರೆದಳು. ಅವಳು ಬೈದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ನಾನು ಕೂಡಲೇ ದುರಸ್ತಿಗೆ ಇಳಿದೆ. ಡಬ್ಬಿಯ ಮೇಲಿನ, ಡಿಗ್ರಿ ಬರೆದ ಬಿರಟೆಯನ್ನು ಇಪ್ಪತ್ತಕ್ಕೆ ತಿರುಗಿಸಿದೆ. ಹೀಟರು ಆರಿತು, ಕೋಣೆ ತಣ್ಣಗಾಯಿತು, ಹುಳ ಮುದುಡಿದವು. ಮತ್ತೆ ಏರಿಸಿದೆ. ಮಧ್ಯಾಹ್ನ ಸರಿಯಾಗಿತ್ತು, ಸಂಜೆಗೆ ಪುನಃ ಉರಿ. ಹಲ್ಲಿ ಹೊಕ್ಕಿರಬಹುದೆಂದು ಡಬ್ಬಿ ಬಿಚ್ಚಿದೆ. ಹಲ್ಲಿ ಇರಲಿಲ್ಲ, ಮುಚ್ಚಿದಾಗ ಒಂದು ಸ್ಕ್ರೂ ಉಳಿಯಿತು. ವೋಲ್ಟೇಜನ್ನು ಬೈದೆ. ಈ ನಡುವೆ ಸೊಪ್ಪು ಬಾಡದಿರಲೆಂದು, ಹುಳ ಸಾಕುವ ಎಲ್ಲ ಮನೆಗಳಂತೆ ನಾವೂ ತೂಗುಹಾಕಿದ್ದ ಗೋಣಿಚೀಲಗಳಿಗೆ ಗಂಟೆಗೊಮ್ಮೆ ನೀರು ಚಿಮುಕಿಸುತ್ತಿದ್ದೆ. ಸೆಖೆ ಹೆಚ್ಚಿದಷ್ಟೂ ಹೆಚ್ಚು ಚಿಮುಕಿಸಿದೆ. ನನ್ನಿಂದ ಆಗುತ್ತಿದ್ದ ಒಂದೇ ಉಪಕಾರ ಅದು.

ಕೊನೆಗೆ ನಾಗರಾಜುವಿಗೆ ಫೋನು ಮಾಡಿದೆ. "ಬಾವ, ದೇವರಾಣೆ ಅದನ್ನ ಮುಟ್ಟಬ್ಯಾಡಿ, ನಾಳೆ ಬೆಳಿಗ್ಗೆ ನಾನೇ ಬತ್ತೀನಿ" ಎಂದ. ಪೆನುಕೊಂಡದಲ್ಲಿ ಬಸ್ಸು ಬದಲಿಸಿ, ಚೀಲದ ತುಂಬ ಇಕ್ಕಳ ಹೊತ್ತು ಬಂದ. ಬಾಗಿಲಲ್ಲಿ ಅಕ್ಕ ತಡೆದಳು.

"ಬಾಯಲ್ಲೇನಲಾ?"

"ಏನಿಲ್ಲ ಅಕ್ಕ, ಅಡಿಕೆ."

"ಹೊಗೆಸೊಪ್ಪು! ಹುಳಕ್ಕೆ ಅದ್ರ ಗಾಳಿ ಸೋಕಿದ್ರೂ ಸಾಯ್ತವೆ, ಗೊತ್ತಿಲ್ವಾ? ಹೋಗ್ಲಾ, ತಲೆಗೆ ನೀರಾಕ್ಕೊಂಡು ಬಾ."

"ಹುಳ ನೋಡಕ್ಕೆ ಬಂದೆನೋ, ಹೆಣ್ಣು ನೋಡಕ್ಕೋ?" ಎಂದು ಗೊಣಗುತ್ತ ಅವನು ಬಚ್ಚಲಿಗೆ ಹೋದ. ಅವನು ಮೀಯುವಷ್ಟರಲ್ಲಿ ನಾನು ಸುಮ್ಮನಿರಲಾರದೆ ಚೊಂಬು ಹಿಡಿದು ಒಳಹೊಕ್ಕೆ. ನನ್ನದೇ ಗಿಡ್ಡ ಪಂಚೆ ಉಟ್ಟು ಹಿಂದೆಯೇ ಬಂದ ನಾಗರಾಜು ಡಬ್ಬಿಯನ್ನು ನೋಡಲೇ ಇಲ್ಲ. ಗೋಣಿಗೆ ನೀರು ಚಿಮುಕಿಸುತ್ತಿದ್ದ ನನ್ನ ಕೈಯನ್ನೇ ನೋಡುತ್ತ ನಿಂತ.

"ಏಮಿ ಬಾವಾ ಇದಿ, ಏನಿದು! ಆ ಚೀಲ ಅಲ್ಲಿ ಯಾರು ಹಾಕಿದ್ದು?"

ನಾನೇ, ಹುಳ ಜ್ವರ ಎದ್ದ ದಿನ. ಖಾಲಿ ಮೊಳೆ ಕಂಡರೆ ಏನಾದರೊಂದು ತೂಗುಹಾಕುವುದು ನಮ್ಮ ವಂಶದ ಅಭ್ಯಾಸ. ಮೊಳೆಯ ಮೇಲಿದ್ದ ಬಾಲ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಒದ್ದೆ ಗೋಣಿಯ ಕೆಳಗೆ ಆ ಬುಡ್ಡಿ ತಣ್ಣಗೆ ಮಲಗಿ, 'ಚಳಿ, ಚಳಿ' ಎಂದು ಹೀಟರಿಗೆ ಹೇಳಿಕಳಿಸುತ್ತಿತ್ತು. ಕೋಣೆ ಕಾದಷ್ಟೂ ನಾನು ನೀರು ಹಾಕಿದೆ, ನೀರು ಹಾಕಿದಷ್ಟೂ ಕೋಣೆ ಕಾಯಿತು.

"ಒದ್ದೆ ಬಟ್ಟೆ ಸುತ್ತಿದ್ರೆ ತಣ್ಣಗಾಗ್ತದೆ ಅಂತ ಹುಡುಗ್ರಿಗೆ ಪಾಠ ಮಾಡ್ತೀರಲ್ಲ ಬಾವ?"

"ಪ್ರತಿ ವರ್ಷ" ಎಂದೆ. ಮಡಕೆಯ ನೀರಿನ ಉದಾಹರಣೆಯನ್ನೂ ಕೊಡುತ್ತೇನೆ, ಅದನ್ನು ಹೇಳಲಿಲ್ಲ.

ಸುಶೀಲ ಗೋಣಿಯನ್ನು ತೆಗೆದು ಆಚೆ ಗೋಡೆಗೆ ಹಾಕಿದಳು. ಅವಳಿಗೆ ನಗು ಬಂದಿತ್ತು, ಆದರೆ ತಟ್ಟೆಗಳ ಕಡೆ ನೋಡಿ ತಡೆದುಕೊಂಡಳು. ಹೊಸ ಸೊಪ್ಪು ಉದುರಿಸಿ ಮೂವರೂ ಬಗ್ಗಿ ಕಾದೆವು. ಬಹಳ ಹೊತ್ತಿನ ಮೇಲೆ ಅಂಚಿನಿಂದ ಒಂದು ಹುಳ ಹಿಂದಿರುಗಿತು, ಆಮೇಲೆ ಒಂದು ಸಾಲು. ಎಲೆಯ ಮೇಲೆ ಗುಂಡುಸೂಜಿ ಚುಚ್ಚಿದಂಥ ತೂತುಗಳು ಕಂಡಾಗ ನಾಗರಾಜು, "ತಿಂತಾವೆ ಕಣಕ್ಕ" ಎಂದು ಪಿಸುಗುಟ್ಟಿದ. ಆಗ ಅವಳು ನಕ್ಕಳು. ಹಲವು ತಟ್ಟೆ ಸೊರಗಿದ್ದವು, ಆದರೆ ಬೆಳೆ ಉಳಿಯಿತು. ಸಂಕ್ರಾಂತಿ ಕಳೆದ ಮೇಲೆ ಅವಳ ಗೂಡುಗಳು ನಮ್ಮೂರ ಮಾರುಕಟ್ಟೆ ಕಂಡವು. ಆ ಕೋಣೆಗೆ ಬೀಗ ಬೀಳಲಿಲ್ಲ.

ನನಗೆ ಮಾತ್ರ ಅಂದಿನಿಂದಲೇ ಅಲ್ಲಿ ಪ್ರವೇಶವಿಲ್ಲ. ಹೊಗೆಸೊಪ್ಪಿನಂತೆ ನನ್ನ ಚಿಂತೆಯ ಗಾಳಿಯೂ ಹುಳಕ್ಕೆ ಒಗ್ಗುವುದಿಲ್ಲವಂತೆ. ಪಡಸಾಲೆಯಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದುತ್ತೇನೆ. ನಾನು ಎರಡು ಸಲ ಪೆನ್ನು ಕೆಳಗಿಟ್ಟೆನೆಂದರೆ ಸಾಕು, ಒಳಗಿನಿಂದ ಸುಶೀಲಳ ದನಿ ಕೇಳುತ್ತದೆ: "ಇಪ್ಪತ್ತೇಳೇ ಐತೆ, ಕುಂತ್ಕಳಿ!" ಅದೆಷ್ಟೋ ಸಲ ಆ ದನಿ ಬರುವುದು ಅಡುಗೆಮನೆಯಿಂದ, ಅಲ್ಲಿ ಥರ್ಮಾಮೀಟರಿಲ್ಲ. ಅದು ನನಗೆ ಗೊತ್ತು. ಆದರೂ ಮುಂದಿನ ಪತ್ರಿಕೆ ತೆಗೆದುಕೊಳ್ಳುತ್ತೇನೆ.