ಧೂಳಕ್ಕ ಅಳಿಸದ ಫೋಟೊ

ಬೆಳಗಿನ ಐದೂವರೆ. ಬೀದಿಯಲ್ಲಿ ಬಸ್ಸುಗಳು ಎದ್ದಿಲ್ಲ, ಹಾಗಾಗಿ ಧೂಳೂ ಎದ್ದಿಲ್ಲ. ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ, ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ತಲೆಗೆ ಬಟ್ಟೆ ಬಿಗಿದುಕೊಂಡು ಆಕೆ ಮೇಜಿನ ಮುಂದೆ ಕೂರುತ್ತಾರೆ. ಎದುರಿಗೆ ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಕಪ್ಪು ಕ್ಯಾಮೆರಾ. ಬೆಲೆ ಮಾತ್ರ ಪುಟ್ಟದಲ್ಲ. ಇದರ ಲೆನ್ಸ್ ಕಳಚಲು ಬರುವುದಿಲ್ಲ. ಒಳಗೆ ಒಂದು ಕಣ ಹೊಕ್ಕರೂ ಸಾಕು, ತೆಗೆದ ಪ್ರತಿ ಫೋಟೊದ ಆಕಾಶದಲ್ಲೂ ಅದೇ ಜಾಗದಲ್ಲಿ ಕಪ್ಪು ಚುಕ್ಕೆ. ಅಂಗಡಿಯವರು ಕೈಚೆಲ್ಲಿದ ಮೇಲೆ ಇಂಥವು ಇಲ್ಲಿಗೆ ಬರುತ್ತವೆ. ಗಿರಾಕಿಗಳ ಬಾಯಲ್ಲಿ ಈಕೆ ‘ಧೂಳಕ್ಕ’.

ಇಪ್ಪತ್ತೆರಡು ವರ್ಷಗಳಿಂದ ದಿನಕ್ಕೆ ಎರಡೇ ಕ್ಯಾಮೆರಾ. ಮೊದಲು ಗಿರಾಕಿಯ ಮೆಮೊರಿ ಕಾರ್ಡನ್ನು ಲಕೋಟೆಗೆ ಹಾಕುತ್ತಾರೆ. ಪರರ ಫೋಟೊ ನೋಡಬಾರದೆಂಬುದು ಅಪ್ಪ ಹೇಳಿಕೊಟ್ಟ ಶಿಸ್ತು. ಸ್ಕ್ರೂ ಬಿಚ್ಚಿ ಒಳಗಿನ ಧೂಳು ತೆಗೆದ ಮೇಲೆ, ಚುಕ್ಕೆ ಹುಡುಕಲು ಬಿಳಿ ಹಾಳೆಯದೊಂದು ಫೋಟೊ. ಫೋಕಸ್ ನೋಡಲು, ಬಾಲ್ಕನಿಯಲ್ಲಿ ಗಡ್ಡ ಹೆರೆದುಕೊಳ್ಳುವ ಗಂಡನದೊಂದು. ಕಾರ್ಡ್ ಇಲ್ಲದ್ದರಿಂದ ಎರಡೂ ಕ್ಯಾಮೆರಾದೊಳಗೇ ಉಳಿಯುತ್ತವೆ. ಅಳಿಸಿ ಕೊಡುವುದು ವಾಡಿಕೆ.

ಕಳೆದ ವರ್ಷ ಒಮ್ಮೆ ಅಳಿಸಲು ಮರೆತರು. ಆ ಕ್ಯಾಮೆರಾ ಸ್ವಂತ ತಮ್ಮನದು. ಅವನು ಹೆಸರಾಂತ ಛಾಯಾಗ್ರಾಹಕ. ಹೋದ ವಾರ ಅವನ ಪ್ರದರ್ಶನಕ್ಕೆ ಹೋದರೆ, ಗೋಡೆಯ ಮೇಲೆ ಆಳೆತ್ತರಕ್ಕೆ ಗಂಡ: ಅರ್ಧ ಮುಖಕ್ಕೆ ಸೋಪಿನ ನೊರೆ, ಹಿಂದೆ ಬೆಳಗಾಗುತ್ತಿರುವ ಆಕಾಶ. ಕೆಳಗೆ ತಮ್ಮನ ಹೆಸರು. ಜನ ಅದರ ಮುಂದೆಯೇ ಗುಂಪುಗಟ್ಟಿದ್ದರು.

“ಹೊಟ್ಟೆಕಿಚ್ಚು ರೀ. ಅದಕ್ಕೆ ಬೇರೆ ಹೆಸರು ಯಾಕೆ?” ಎನ್ನುತ್ತಾರೆ ಮಾತಾಡಿಸಲು ಹೋದ ನಮಗೆ, ಭೂತಗನ್ನಡಿಯಿಂದ ಕಣ್ಣೆತ್ತದೆ. “ಮನೇಲಿ ಇದ್ದದ್ದು ಒಂದೇ ಕ್ಯಾಮೆರಾ. ಅಪ್ಪ ಅದನ್ನ ಅವನಿಗೆ ಕೊಟ್ರು. ನಿನ್ನ ಕೈ ನಡುಗಲ್ಲ ಕಣೇ ಅಂತ ನಂಗೆ ಸ್ಕ್ರೂಡ್ರೈವರ್ ಕೊಟ್ರು. ಫೋಟೊ ತೆಗೆಯೋಕೆ ನಡುಗದ ಕೈ ಬೇಡ್ವಾ?”

ಅವರಿಗೆ ಬೇಕಿರುವುದು ಇಷ್ಟೇ: ಪ್ರದರ್ಶನ ಮುಗಿಯುವುದರೊಳಗೆ ಆ ಫೋಟೊದ ಕೆಳಗಿನ ಚೀಟಿ ಬದಲಾಗಬೇಕು. ಅಲ್ಲೇ ತಮ್ಮನನ್ನು ಕೇಳಿದರು. “ಕ್ಯಾಮೆರಾ ನಂದಲ್ವೇನಕ್ಕಾ?” ಅಂದನಂತೆ. “ಒಲೆ ನಿಂದಾದ್ರೆ ನಾನು ಮಾಡಿದ ಅಡುಗೆ ನಿಂದಾಗುತ್ತೇನೋ?” ಎಂದರು ಇವರು. “ಟೆಸ್ಟಿಗೆ ಒತ್ತಿದ್ದು ತಾನೇ, ಬಿಡು,” ಎಂದು ನಕ್ಕನಂತೆ. ಆ ನಗು ಇನ್ನೂ ಚುಚ್ಚುತ್ತಿದೆ.

ಬಾಲ್ಕನಿಯಿಂದ ಗಂಡನ ದನಿ: “ಮುಖ ನಂದು, ನೊರೆ ನಂದು. ನನ್ನ ಹೆಸರನ್ನಂತೂ ಯಾರೂ ಕೇಳಲಿಲ್ಲ!”

“ನೀವು ಸುಮ್ನೆ ಗಡ್ಡ ಹೆರ್ಕೊಳ್ರೀ. ಈಗ ಕಿವಿ ಕೊಯ್ಕೋತೀರ.”

ಇಂದು ಮೇಜಿನ ಮೇಲಿರುವುದು ಅದೇ ತಮ್ಮನ ಕ್ಯಾಮೆರಾ. ಮತ್ತೆ ಧೂಳು. ನಾಳೆ ಏನೋ ದೊಡ್ಡ ಕೆಲಸವಂತೆ, ಇವತ್ತೇ ಹತ್ತಕ್ಕೆ ಬಂದು ಒಯ್ಯುತ್ತಾನೆ. ಗಾಳಿ ಊದುವ ರಬ್ಬರ್ ಬುರುಡೆ ಆಕೆಯ ಮುಷ್ಟಿಯಲ್ಲಿ ಒಂದು ಗಳಿಗೆ ತಡೆದು ನಿಲ್ಲುತ್ತದೆ.

“ಒಂದೇ ಒಂದು ಕಣ ಒಳಗೆ ಬಿಟ್ಬಿಡ್ಲಾ ಅನ್ಸುತ್ತೆ. ಅವನ ಎಲ್ಲಾ ಫೋಟೊದಲ್ಲೂ ನಾನಿರ್ತೀನಿ.”

ಊದುತ್ತಾರೆ. ಒಮ್ಮೆ, ಮತ್ತೊಮ್ಮೆ. ಬಿಳಿ ಹಾಳೆಯ ಫೋಟೊದಲ್ಲಿ ಏನೂ ಇಲ್ಲ, ಬರೀ ಬಿಳಿ. “ಆಗಲ್ಲ ರೀ. ಕೈ ಕೇಳಲ್ಲ.”

ಆಮೇಲೆ ಬಾಲ್ಕನಿಗೆ ಹೋಗಿ, ಇಂದು ಎಂದಿಗಿಂತ ಹೆಚ್ಚು ಹೊತ್ತು ನಿಂತು, ಗಂಡನ ಗಲ್ಲಕ್ಕೆ ಬೆಳಕು ಬೀಳುವವರೆಗೆ ಕಾದು, ಒಂದು ಫೋಟೊ ತೆಗೆಯುತ್ತಾರೆ. ಅಳಿಸುವ ಗುಂಡಿಯ ಹತ್ತಿರ ಬೆರಳು ಹೋಗುವುದೇ ಇಲ್ಲ.

ಹತ್ತಕ್ಕೆ ತಮ್ಮ ಬರುತ್ತಾನೆ. ಬಾಗಿಲಲ್ಲೇ ಕ್ಯಾಮೆರಾ ಅವನ ಕೈಗಿಡುತ್ತಾರೆ.

“ಒಂದು ಚುಕ್ಕೆ ಸಿಕ್ರೂ ತಂದು ತೋರ್ಸೋ. ಒಳಗೆ ನಿಮ್ಮ ಭಾವನ ಫೋಟೊ ಇದೆ. ಅದು ನಾನು ತೆಗೆದದ್ದು. ಬೇಕಾದ್ರೆ ಕೇಳಿ ತಗೋ.”