ಮಡಿ ಚೀಲದ ಕೊಕ್ಕೆ

ಕಳೆದ ಭಾನುವಾರ ಅಪ್ಪನನ್ನು ಕರೆದುಕೊಂಡು ಹುಣಸಮಾರನಹಳ್ಳಿಯ ಹೊಸ ಹೋಟೆಲಿಗೆ ದೋಸೆ ತಿನ್ನಲು ಹೋಗಿದ್ದೆ. ಅಂಗಳದಲ್ಲಿ ಚಕ್ರವಿಲ್ಲದ ಹಳೆಯ ಕಾರೊಂದನ್ನು ಕಲ್ಲಿನ ಮೇಲೆ ಕೂರಿಸಿ ಕೆಂಪು ಬಣ್ಣ ಬಳಿದಿದ್ದರು. 'ಮಹಾರಾಜರ ಕಾಲದ ಕಾರು' ಎಂಬ ಹಲಗೆ ಬೇರೆ. ಅಪ್ಪ ದೋಸೆ ಬಿಟ್ಟು ಎದ್ದರು. ಯಾಕೆಂದು ಹೇಳುತ್ತೇನೆ, ಕೇಳಿ.

ನಮ್ಮ ತಾತನಿಗೊಂದು ಕಾರಿತ್ತು. ತಾತ ಹೋದ ಮೇಲೆ ಅದು ಮತ್ತಿಕೆರೆಯಲ್ಲಿ ದೊಡ್ಡಪ್ಪನ ಶೆಡ್ಡಿನಲ್ಲಿ ನಿಂತಿತ್ತು. ಒಂದು ದಿನ ನೋಡಿದರೆ ಶೆಡ್ಡು ಖಾಲಿ. "ತುಕ್ಕು ಹಿಡ್ದಿತ್ತು ಕಣೋ, ಗುಜರಿಗೆ ಹಾಕ್ದೆ. ನನ್ ಕಣ್ಣೆದುರಿಗೇ ಎರಡು ತುಂಡು ಮಾಡಿದ್ರು," ಎಂದರು ದೊಡ್ಡಪ್ಪ. ಅಪ್ಪ ನಂಬಲಿಲ್ಲ. ಅಣ್ಣ ಅದನ್ನು ತನ್ನ ಮಾವನ ಮನೆಗೆ ಸಾಗಿಸಿದ್ದಾನೆ ಎಂದೇ ಅವರ ತೀರ್ಮಾನ. ಕುಂಬಳಕಾಯಿ ಕಳ್ಳ ಎಂದರೂ ದೊಡ್ಡಪ್ಪ ಹೆಗಲು ಮುಟ್ಟಿ ನೋಡಿಕೊಳ್ಳಲಿಲ್ಲ. ಎಷ್ಟು ಪಳಗಿದ್ದಾನೆ ನೋಡು ಎಂದು ಅಪ್ಪನ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಅಣ್ಣ ತಮ್ಮ ಮಾತು ಬಿಟ್ಟರು. ನಮ್ಮ ಆರ್.ಟಿ. ನಗರದಿಂದ ಮತ್ತಿಕೆರೆ ಏನು ಮಹಾ ದೂರ, ಆದರೂ ಹಬ್ಬಕ್ಕೂ ಹೋಗಲಿಲ್ಲ.

ಅಂದಿನಿಂದ ಮದುವೆಗೆ ಹೋದರೂ ಅಪ್ಪ ಗಂಡು ಹೆಣ್ಣನ್ನು ನೋಡುವುದಿಲ್ಲ, ಅವರು ಬಂದಿಳಿದ ಹಳೇ ಕಾರನ್ನು ನೋಡುತ್ತಾರೆ. "ಹೆಸರಿನ ಬಿಲ್ಲೆ ನಂಬ್ಬೇಡ, ಅದನ್ನ ಯಾರು ಬೇಕಾದ್ರೂ ಕೂರಿಸ್ತಾರೆ. ಬಾಗಿಲಿನ ಕೀಲು ನೋಡು," ಎಂದು ನನಗೂ ಕಲಿಸಿದ್ದಾರೆ. ನಮ್ಮ ಕಾರಿನ ನಾಲ್ಕೂ ಬಾಗಿಲುಗಳಿಗೆ ಕೀಲು ಹಿಂಬದಿಗೆ ಇತ್ತು. ಹಿಂದಿನ ಗಾಜು ಎರಡು ಹೋಳು. ಅಂಥವು ಊರಲ್ಲಿ ಬೇರೆಯೂ ಇದ್ದವು. ಆದರೆ ಅಜ್ಜಿಯ ಮಡಿ ಸೀರೆಯ ಚೀಲ ಯಾರಿಗೂ ತಾಗದಿರಲೆಂದು ಹಿಂಬಾಗಿಲ ಮೇಲೆ ತಾತ ಹಾಕಿಸಿದ ಹಿತ್ತಾಳೆ ಕೊಕ್ಕೆ ನಮ್ಮದರಲ್ಲಿ ಮಾತ್ರ ಇತ್ತು. ಈ ವಿದ್ಯೆಯಿಂದ ನನಗಾದ ಲಾಭವೆಂದರೆ, ಬದನೆಕಾಯಿಯನ್ನೂ ತೊಟ್ಟು ತಿರುಗಿಸಿ ನೋಡದೆ ನಂಬುವುದಿಲ್ಲ.

ಅಪ್ಪ ಆ ಕೆಂಪು ಕಾರಿನ ಹಿಂಬಾಗಿಲು ತೆರೆದರು. ಕೀಲು ಸರಿ, ಗಾಜು ಸರಿ. ಮೇಲೆ ಕೈಯಾಡಿಸಿದರು. ಕೊಕ್ಕೆ ಇತ್ತು, ಪಾಪ, ಅದಕ್ಕೂ ಕೆಂಪು ಬಣ್ಣ.

"ನಮ್ದೇ. ನಾನ್ ಹೇಳ್ಲಿಲ್ವಾ? ಕಾರು ಇಡಿಯಾಗೇ ಇದೆ," ಎಂದರು. ನನಗೂ ದೊಡ್ಡಪ್ಪನ ಮೇಲೆ ಸಿಟ್ಟು ಬಂತು.

ಅಷ್ಟರಲ್ಲಿ ಮುಂದಿನ ಬಾಗಿಲು ಕಣ್ಣಿಗೆ ಬಿತ್ತು. ಅದರ ಕೀಲು ಮುಂಬದಿಗಿತ್ತು. "ಅಪ್ಪಾ, ಇಲ್ಲಿ ನೋಡಿ," ಎಂದೆ. ಎರಡು ಬಾಗಿಲುಗಳ ನಡುವಿನ ಕಂಬದಲ್ಲಿ, ಬಣ್ಣದ ಕೆಳಗೆ, ಬೆಸುಗೆಯ ದಪ್ಪ ಗೆರೆ.

ಹೋಟೆಲಿನ ಯಜಮಾನರು ಹತ್ತಿರ ಬಂದು ದನಿ ತಗ್ಗಿಸಿದರು. "ಬೋರ್ಡು ಸುಮ್ನೆ ಸರ್. ನಮ್ ತಂದೆ ಗುಜರಿಯಿಂದ ಒಂದು ಕಾರಿಂದು ಹಿಂದಿನರ್ಧ, ಇನ್ನೊಂದ್ರದ್ದು ಮುಂದಿನರ್ಧ ತಂದು ಜೋಡಿಸಿದ್ದು."

ಅಪ್ಪ ಆ ಗೆರೆಯ ಮೇಲೆ ಮೇಲಿನಿಂದ ಕೆಳಗಿನವರೆಗೆ ಬೆರಳಾಡಿಸಿದರು.

ನನ್ನ ಕಾರು ಹತ್ತಿದ ಮೇಲೆ, "ಮತ್ತಿಕೆರೆಗೆ ಹೋಗೋಣ," ಎಂದರು. ಹೆಬ್ಬಾಳ ದಾಟುವಾಗ ಮೆಲ್ಲಗೆ ಕೇಳಿದರು: "ಅಣ್ಣ ಬಾಗಿಲು ತೆಗೀತಾನೆ ಅಂತೀಯಾ?"

ಬದನೆಕಾಯಿಯನ್ನೂ ನಂಬದ ನಾನು, ಯಾವ ಪುರಾವೆಯೂ ಇಲ್ಲದೆ, "ತೆಗೀತಾರೆ ಬಿಡಿ," ಎಂದೆ.